ಹಳೇ ರಾಕ್ ಎಲ್ಪಿ ಕೂಡಸ್ಬೇಕಂದ್ರ: ಹುಬ್ಬಳ್ಳಿ-ಧಾರವಾಡದ ಮಂದಿಗೆ ಒಂದು ಮಾರ್ಗದರ್ಶಿ

ಬೀಟಲ್ಸ್, ಪಿಂಕ್ ಫ್ಲಾಯ್ಡ್, ಡೀಪ್ ಪರ್ಪಲ್, ಲೆಡ್ ಝೆಪ್ಲಿನ್ ಇವ್ರನ್ನ ಫೋನಿನ್ಯಾಗ ಕೇಳಿ ಕೇಳಿ ಈಗ ಎಲ್ಪಿ, ಅಂದ್ರ ಸೂಜಿ ಇಟ್ಟು ಕೇಳೋ ದೊಡ್ಡ ಕರೀ ಹಾಡಿನ ಪ್ಲೇಟ, ತೊಗೊಂಡ ಕೇಳಬೇಕು ಅನ್ನೋರು ನಮ್ಮ ಕಡೆ ಭಾಳ ಆಗ್ಯಾರ, ಭಾಳ ಖುಷಿ ವಿಷಯ. ಆದ್ರ ಎಲ್ರೂ ಮೊದಲ ಕೇಳೋದು ಒಂದ, ಯಾವ ಮಷಿನ್ ತೊಗೋಳ್ಳಿ ಅಂತ. ನನ್ನ ಮಾತು ಕೇಳೋದಾದ್ರ ಮಷಿನ್ ಆಮ್ಯಾಲೆ, ಮೊದಲ ಪ್ಲೇಟ ನೋಡಾಕ ಕಲೀರಿ. ಹಳೇ ಎಲ್ಪಿ ಕೈಯಾಗ ಹಿಡದು ಎರಡ ನಿಮಿಷದಾಗ ಇದು ಎಷ್ಟ ಓಡೇತಿ, ಎಲ್ಲಿ ಒತ್ತಿದ್ದು (ಅಂದ್ರ ಯಾವ ಫ್ಯಾಕ್ಟರ್ಯಾಗ ತಯಾರಾದದ್ದು), ಹೆಂಗ ಕೇಳಸತೈತಿ ಅಂತ ಹೇಳಾಕ ಬಂತಂದ್ರ ಉಳದದ್ದೆಲ್ಲಾ ಸಲೀಸು. ಇದಕ್ಕ ರೊಕ್ಕಾ ಹತ್ತಂಗಿಲ್ಲ, ಒಂದು ಟಾರ್ಚ್ ಸಾಕು.

ಪ್ಲೇಟ ನೋಡೋದು ಹೆಂಗ

ಕವರಿಂದ ಹೊರಗ ತಗಿಯೋವಾಗ ಅಂಚು ಮತ್ತ ನಡುವಿನ ಲೇಬಲ್ ಎರಡನ್ನ ಬಿಟ್ಟು ಎಲ್ಲೂ ಬಟ್ಟು ತಾಗಸಬ್ಯಾಡ್ರಿ. ನಮ್ಮ ಬೆವರು, ಎಣ್ಣಿ ಗ್ರೂವಿನ್ಯಾಗ (ಸೂಜಿ ಓಡೋ ಸಣ್ಣ ಕಾಲುವಿಯಂಥ ಗೆರಿಯಾಗ) ಹೋಗಿ ಕುಂತ್ರ ಅದರ ಮ್ಯಾಲೆ ಧೂಳ ಹತ್ತಿ ಗಟ್ಟಿ ಆಗತೈತಿ. ಎರಡೂ ಅಂಗೈ ನಡುವ ಅಂಚು ಹಿಡದು ಬೆಳಕಿಗೆ ಓರೆ ಮಾಡ್ರಿ. ಟ್ಯೂಬ್‌ಲೈಟಿನ ಕೆಳಗ ನಿಂತ್ರ ಎಲ್ಲಾ ಪ್ಲೇಟೂ ಚಂದನ ಕಾಣಸ್ತಾವ, ಅದಕ್ಕ ಫೋನಿನ ಟಾರ್ಚ್ ಹಚ್ಚಿ ಪಕ್ಕದಿಂದ ಬಿಡ್ರಿ, ಆವಾಗ ಕೂದಲಿನಷ್ಟ ಸಣ್ಣ ಗೀರು ಸೈತ ಎದ್ದ ಕಾಣತಾವ. ಕಂಡ ಗೀರೆಲ್ಲಾ ಕೇಳಸಂಗಿಲ್ಲ. ಕವರಿಗೆ ತಿಕ್ಕಿ ಬಂದ ತೆಳು ಗೀರು ಎಷ್ಟಿದ್ರೂ ಹಾಡಿಗೆ ಏನೂ ಆಗಿರಂಗಿಲ್ಲ. ಉಗುರು ಮೆತ್ತಗ ಆಡಸ್ರಿ, ಉಗುರಿಗೆ ಗೀರು ತಟ್ಟಿತಂದ್ರ ಅದು ಟಕ್ ಟಕ್ ಅಂತ ಬಡಿಯೋದು ಖಾತ್ರಿ. ಎಲ್ಪಿ ನಿಮಿಷಕ್ಕ 33 ಮತ್ತ ಮೂರನೇ ಒಂದು ಸುತ್ತು ತಿರಗತೈತಿ, ಅಂದ್ರ ಒಂದ ಸುತ್ತಿಗೆ 1.8 ಸೆಕೆಂಡ್. ಆ ಬಡಿತ ಪ್ರತಿ 1.8 ಸೆಕೆಂಡಿಗೆ ಬರತೈತಿ, ಗೀರು ಎಷ್ಟು ಅಗಲ ಹರಡೇತೋ ಅಷ್ಟ ಹೊತ್ತು ಬರತೈತಿ. ಶಾಂತ ಹಾಡಿನ ಮ್ಯಾಲೆ ಇದ್ರ ಬಿಡ್ರಿ, ಜೋರ ಡ್ರಮ್ಸ್ ಇರೋ ಜಾಗಾದಾಗ ಇದ್ರ ಬೇಕಾದ್ರ ತೊಗೋರಿ.

ಆಮ್ಯಾಲೆ ನಡುವಿನ ತೂತು ನೋಡ್ರಿ. ಇದನ್ನ ಭಾಳ ಮಂದಿ ನೋಡಂಗಿಲ್ಲ. ಪ್ಲೇಟ ಹಾಕೋವಾಗ ತೂತು ಸಿಗದ ಸ್ಪಿಂಡಲ್ಲು (ಮಷಿನ್ನಿನ ನಡುವಿನ ಸಣ್ಣ ಕಡ್ಡಿ) ಲೇಬಲ್ ಮ್ಯಾಲೆ ಉಜ್ಜಿ ಬೂದು ಬಣ್ಣದ ಸಣ್ಣ ಗೆರಿ ಬೀಳತಾವ. ಗೆರಿ ಒಂದೆರಡ ಇದ್ರ ಆ ಪ್ಲೇಟು ಕಪಾಟಿನ್ಯಾಗ ಕುಂತದ್ದ ಜಾಸ್ತಿ, ತೂತಿನ ಸುತ್ತ ಬಲಿ ಕಟ್ಟಿದಂಗ ಗೆರಿ ತುಂಬಿದ್ರ ದಿನಾ ಓಡೇತಿ ಅಂತ ತಿಳೀರಿ. ಅಂಗಡಿಯಾವ ಒಂದ ಸಲಾನೂ ಹಚ್ಚಿಲ್ಲರೀ ಅಂತ ಹೇಳಿದ್ರ ಲೇಬಲ್ ಏನ ಹೇಳತೈತಿ ನೋಡ್ರಿ.

ಮೂರನೇದು, ಗ್ರೂವಿನ ಬಣ್ಣ. ಹೊಸಾ ವಿನೈಲ್ (ಎಲ್ಪಿ ಮಾಡೋ ಪ್ಲಾಸ್ಟಿಕ್) ಕರ್ರಗ ಮಿಂಚತೈತಿ, ಸವದ ಗ್ರೂವು ಬೂದು ಹೊಡಿತೈತಿ, ಅದೂ ಪ್ರತಿ ಬದಿಯ ಕಡೀ ಹಾಡಿನ್ಯಾಗ ಮೊದಲ. ಯಾಕಂದ್ರ ಹೊರಗಿನ ಅಂಚಿನ್ಯಾಗ ಸೂಜಿ ಕೆಳಗ ಗ್ರೂವು ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡತೈತಿ, ಒಳಗ ಲೇಬಲ್ ಹತ್ರ ಬರೋದ್ರಾಗ 20ರ ಆಸುಪಾಸು ಬಂದು ನಿಲ್ಲತೈತಿ, ಅಷ್ಟ ಸಣ್ಣ ಜಾಗಾದಾಗ ಅಷ್ಟೂ ದನಿ ಹಿಡಸಿರತಾರ, ಸೂಜಿ ಸವದಿದ್ರ ಮೊದಲ ಹರಕೊಳ್ಳೋದು ಅದ ಜಾಗ. ಕೇಳಿ ತೊಗೊಳ್ಳೋ ಅವಕಾಶ ಇದ್ರ ಕಡೀ ಹಾಡಿನ ಮ್ಯಾಲೆ ಸೂಜಿ ಇಡ್ರಿ, ಹಾಡೋರ "ಸ" ಅಕ್ಷರ ಉಸ್ ಅಂತ ಸಿಡದ್ರ ಆ ಪ್ಲೇಟು ಮುಗದಂಗ, ಎಷ್ಟು ತೊಳದ್ರೂ ತಿರಗಿ ಬರಂಗಿಲ್ಲ. ಕಡೀಕ ಪ್ಲೇಟನ್ನ ಕಣ್ಣಿನ ಎತ್ತರಕ್ಕ ಮಲಗಿಸಿ ಹಿಡದು ತಿರಗಸ್ರಿ, ಸೊಟ್ಟ ಆಗಿದ್ರ ಗೊತ್ತಾಗತೈತಿ. ಸ್ವಲ್ಪ ಅಲೆ ಇದ್ರ ನಡೀತೈತಿ, ಸೂಜಿ ಜಿಗಿಯೋವಷ್ಟಿದ್ರ ಬ್ಯಾಡ.

ಆನ್‌ಲೈನ್ ತೊಗೊಳ್ಳೋರು ಗ್ರೇಡ್ ತಿಳಕೊಂಡಿರಬೇಕು. ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್, ಗುಡ್ ಅಂತ ಇಳಕೋತ ಬರತೈತಿ. ಹೆಸರು ನೋಡಿ ಗುಡ್ ಅಂದ್ರ ಚಲೋ ಅನಕೋಬ್ಯಾಡ್ರಿ, ಗುಡ್ ಅಂದ್ರ ಹಾಡಿನಷ್ಟ ಸಪ್ಪಳನೂ ಬರತೈತಿ ಅಂತ ಅರ್ಥ. ಕೇಳಾಕ ವೆರಿ ಗುಡ್ ಪ್ಲಸ್ ಇದ್ರ ಸಾಕ್ರಿ, ಮ್ಯಾಲಿಂದಕ್ಕ ದುಪ್ಪಟ್ಟು ಕೊಡೋದು ಕಪಾಟಿನ ಶೋಭಾಕ್ಕ ಮಾತ್ರ.

ಎಲ್ಲೆ ಹುಡುಕೋದು

ಮುಂಬೈಗೆ ಹೋದ್ರ ಚೋರ್ ಬಜಾರಿನ ಮಟನ್ ಸ್ಟ್ರೀಟ್ ಐತಿ, ಗುಡ್ಡೆ ಗುಡ್ಡೆ ಪ್ಲೇಟ ಸಿಗತಾವ, ರೇಟ ಮಾತ್ರ ಅವ್ರಿಗೆ ಚಲೋ ಗೊತ್ತು. ಆದ್ರ ನಮ್ಮೂರಾಗ ಖರೇ ಮಾಲು ಅಂಗಡ್ಯಾಗಿಲ್ಲ, ಮನ್ಯಾಗ ಐತಿ. ಸ್ವಲ್ಪ ಯೋಚನೆ ಮಾಡ್ರಿ, ಹುಬ್ಬಳ್ಳಿ ಅಂದ್ರ ರೇಲ್ವೆ ಊರು, ವರ್ಕ್‌ಶಾಪು, ಕ್ವಾರ್ಟರ್ಸು, ಅಲ್ಲಿ ಇದ್ದ ಆಂಗ್ಲೋ ಇಂಡಿಯನ್ ಕುಟುಂಬದೋರು ಇಂಗ್ಲಿಷ್ ಹಾಡು ಕೇಳತಿದ್ರು. ಧಾರವಾಡದಾಗ ಯೂನಿವರ್ಸಿಟಿ, ಕಾಲೇಜು, ವಿಲಾಯತಿಗೆ ಓದಾಕ ಹೋಗಿ ಬಂದ ಪ್ರೊಫೆಸರು, ಡಾಕ್ಟರು. ಮಾಳಮಡ್ಡಿ, ಸಪ್ತಾಪುರದ ಹಳೇ ಮನಿ ಅಟ್ಟದ ಮ್ಯಾಲೆ ಮನ್ಸೂರ, ಗಂಗೂಬಾಯಿ ಅವ್ರ ಪ್ಲೇಟಿನ ನಡುವ ಒಂದು ಬೀಟಲ್ಸ್ ಸಿಕ್ಕಿತಂದ್ರ ಅದರಾಗ ಆಶ್ಚರ್ಯ ಏನೂ ಇಲ್ಲ. ಮನಿ ಕೆಡವಿ ಅಪಾರ್ಟ್‌ಮೆಂಟ್ ಕಟ್ಟೋವಾಗ ಇವೆಲ್ಲಾ ರದ್ದಿಗೆ ಹೋಗತಾವ. ಅದಕ್ಕ ರದ್ದಿ ಅಂಗಡಿ, ಗುಜರಿ ಅಂಗಡಿಯೋರಿಗೆ ನಂಬರ್ ಕೊಟ್ಟಿರ್ರಿ, "ಅಣ್ಣಾ, ಹಾಡಿನ ಪ್ಲೇಟ ಬಂದ್ರ ಒಡದ ಹಾಕಬ್ಯಾಡ, ಮೊದಲ ನನಗ ಒಂದ ಫೋನ್ ಹಚ್ಚು" ಅಂತ ಹೇಳಿ ಮುಂಗಡ ಒಂದ ನೂರು ರೂಪಾಯಿ ಕೊಟ್ರೂ ಲುಕ್ಸಾನಿಲ್ಲ. ಗದಗ, ಹಾವೇರಿ ಕಡೆ ಹಳೇ ಮೈಕ್‌ಸೆಟ್ ಬಾಡಿಗಿ ಕೊಡೋರ ಹತ್ರಾನೂ ಕೇಳ್ರಿ, ಮದುವಿ ಜಾತ್ರಿಗೆ ಅಂತ ಪೆಟ್ಟಿಗಿ ತುಂಬ ಪ್ಲೇಟ ಇಟ್ಟಿರತಿದ್ರು. ಅವು ಭಾಳ ಸವದಿರತಾವ, ಹೆಚ್ಚಿನವು ಹಿಂದಿ ಕನ್ನಡ ಸಿನಿಮಾದವು, ಆದ್ರೂ ಒಂದ ಸಲ ತಿರವಿ ಹಾಕಿ ನೋಡ್ರಿ.

ಮನಿಗೆ ಹೋಗಿ ಕೇಳೋವಾಗ ಅವಸರ ಬ್ಯಾಡ. ವಯಸ್ಸಾದ ಅಜ್ಜಾರು ಅವ್ವಾರು ಇರತಾರ, ಪ್ಲೇಟು ಅವ್ರ ಯಜಮಾನ್ರದ್ದೋ ತಮ್ಮಂದೋ ಇರತೈತಿ. "ಅವ್ವಾರ, ಯಾರು ಕೇಳತಿದ್ರೀ ಇವನ್ನ?" ಅಂತ ಕೇಳಿ ಕುಂದ್ರಿ. ಅವ್ರು ಹೇಳೋದ್ರಾಗ ಪ್ಲೇಟಿನ ಇತಿಹಾಸಾನ ಸಿಗತೈತಿ, ಯಾವ ಮಷಿನ್ ಮ್ಯಾಲೆ ಓಡತಿತ್ತು, ಎಲ್ಲಿಂದ ತಂದಿದ್ರು, ಎಲ್ಲಾ. ಬೆಲೆ ಬಾಳೋ ಪ್ಲೇಟ ಕಂಡ್ರ ಅದನ್ನ ಅವ್ರಿಗೆ ತಿಳಸಿ ರೊಕ್ಕಾ ಕೊಡ್ರಿ. ರದ್ದಿ ರೇಟಿನ್ಯಾಗ ಎತ್ತಗೊಂಡ ಬರೋದು ನನಗ ಒಂಚೂರೂ ಸರಿ ಕಾಣಂಗಿಲ್ಲ.

ತರೋವಾಗ ಬೈಕಿನ ಟ್ಯಾಂಕ್ ಮ್ಯಾಲೆ ಇಡಬ್ಯಾಡ್ರಿ, ಎಪ್ರಿಲ್ ಮೇ ಬಿಸಲಿಗೆ ಮನಿ ಮುಟ್ಟೋದ್ರಾಗ ಸೊಟ್ಟ ಆಗತೈತಿ. ಚಿಗರಿ ಬಸ್ಸಿನ್ಯಾಗ ಬರೋದಿದ್ರ ಗಟ್ಟಿ ಅರಬಿ ಚೀಲದಾಗ ನಿಲ್ಲಿಸಿ, ಎರಡೂ ಬದಿ ರಟ್ಟು ಕೊಟ್ಟು ಎದಿಗೆ ಹಿಡಕೊಂಡ ಬರ್ರಿ.

ದಮ್‌ದಮ್ ಪ್ಲೇಟಿಗೆ ಮೂಗು ಮುರೀಬ್ಯಾಡ್ರಿ

ನಮ್ಮ ಕಡೆ ಸಿಗೋ ಬೀಟಲ್ಸ್, ಪಿಂಕ್ ಫ್ಲಾಯ್ಡ್ ಪ್ಲೇಟು ಹೆಚ್ಚಿನವು ಇಂಡಿಯಾದಾಗ ಒತ್ತಿದವು. ಗ್ರಾಮಫೋನ್ ಕಂಪನಿಯೋರು 1908ರಾಗ ಕಲಕತ್ತಾದ ಸಿಯಾಲ್ದಾದಾಗ ಫ್ಯಾಕ್ಟರಿ ಶುರು ಮಾಡಿದ್ರು, ಆಮ್ಯಾಲೆ ಅದು ದಮ್‌ದಮ್‌ಗೆ ಹೋತು. ಆ ಕಂಪನಿ ಎಚ್‌ಎಂವಿ ಹೆಸರಿನ್ಯಾಗ ಮಾರಿದ ನಮ್ಮ ಪ್ಲೇಟೆಲ್ಲಾ ಅಲ್ಲಿಂದ ಬಂದವು, ಇಂಗ್ಲೆಂಡಿನ ಇಎಂಐ ಜೋಡಿ ಒಂದ ಕಂಪನಿ ಆಗಿದ್ದಕ್ಕ ಅವ್ರ ರಾಕ್ ಆಲ್ಬಂ ಸೈತ ಅಲ್ಲೇ ಒತ್ತತಿದ್ರು. ಕಲೆಕ್ಟರ್ ಮಂದಿ ಕೆಲವ್ರು ಇಂಡಿಯನ್ ಪ್ರೆಸ್ಸಿಂಗ್ ಅಂದ್ರ ಬ್ಯಾಡ ಅಂತಾರ. ಖರೆ, ಕವರಿನ ರಟ್ಟು ತೆಳು, ಕೆಲವದ್ರಾಗ ಸರ್ ಅಂತ ಸಪ್ಪಳ ಜಾಸ್ತಿ. ಆದ್ರ ಎಷ್ಟೋ ಪ್ಲೇಟಿನ ಮ್ಯಾಲೆ ಇಂಗ್ಲೆಂಡಿನ ಮ್ಯಾಟ್ರಿಕ್ಸ್ ನಂಬರ್‌ನ (ಹಾಡು ಕಟ್ ಮಾಡಿದ ಮೂಲ ತಟ್ಟಿಯ ಗುರ್ತಿನ ನಂಬರ್) ಇರತೈತಿ, ಚಲೋ ಇಟ್ಟಿದ್ದ ದಮ್‌ದಮ್ ಪ್ಲೇಟು ಸವದ ಇಂಗ್ಲೆಂಡ್ ಪ್ಲೇಟಿಗಿಂತ ಎಷ್ಟೋ ಪಾಲು ಚಂದ ಹಾಡತೈತಿ. ಸಾವಿರಗಟ್ಟಲೆ ರೊಕ್ಕಾ ಕೊಟ್ಟು ಹೊಸಾ 180 ಗ್ರಾಂ ತೂಕದ ದಪ್ಪ ಪ್ಲೇಟ ತೊಗೊಳ್ಳೋಕಿಂತ ಮೊದಲ ಇದನ್ನ ಕೇಳ್ರಿ.

ಈ ಮ್ಯಾಟ್ರಿಕ್ಸ್ ಓದೋದು ಅಂದ್ರ ನನಗ ಭಾಳ ಪ್ರೀತಿ. ಕಡೀ ಹಾಡು ಮುಗದ ಮ್ಯಾಲೆ ಲೇಬಲ್ ತನಕ ಖಾಲಿ ಜಾಗಾ ಇರತೈತಲ್ಲ, ಅಲ್ಲಿ ಟಾರ್ಚ್ ಬಿಡ್ರಿ, ಕೆರದ ಬರದ ಅಕ್ಷರ ನಂಬರು ಕಾಣತಾವ. ಇಂಗ್ಲೆಂಡಿನ ಇಎಂಐ ಪ್ಲೇಟಿನ್ಯಾಗ ಮ್ಯಾಟ್ರಿಕ್ಸ್ ನಂಬರನ್ನ ಕೆಳಗ, ಗಡಿಯಾರದ 6ರ ಕಡೆ ಹಿಡದ್ರ 9ರ ಕಡೆ ಮದರ್ ನಂಬರ್ ಇರತೈತಿ, 3ರ ಕಡೆ ಸ್ಟ್ಯಾಂಪರಿನ ಅಕ್ಷರ. ಸ್ಟ್ಯಾಂಪರ್ ಅಂದ್ರ ಪ್ಲೇಟ ಒತ್ತೋ ಅಚ್ಚು, ಮದರ್ ಅಂದ್ರ ಆ ಅಚ್ಚು ತಯಾರ ಮಾಡೋ ಮೂಲ. ಆ ಅಕ್ಷರ ಗ್ರಾಮಫೋನ್ ಲಿಮಿಟೆಡ್ ಅನ್ನೋ ಇಂಗ್ಲಿಷ್ ಹೆಸರಿಂದ ಮಾಡಿದ ಗುಪ್ತ ಲೆಕ್ಕ: ಜಿ ಅಂದ್ರ 1, ಆರ್ ಅಂದ್ರ 2, ಎ 3, ಎಂ 4, ಓ 5, ಪಿ 6, ಎಚ್ 7, ಎಲ್ 8, ಟಿ 9, ಡಿ ಅಂದ್ರ 0. ಒಂದ ಜಿ ಮಾತ್ರ ಇದ್ರ ಮೊದಲನೇ ಸ್ಟ್ಯಾಂಪರಿಂದ ಒತ್ತಿದ್ದು, ಆರ್‌ಡಿ ಇದ್ರ 20ನೇದು. ಇನ್ನ ಲೆಡ್ ಝೆಪ್ಲಿನ್‌ನ 1971ರ ನಾಲ್ಕನೇ ಆಲ್ಬಂ, ಕವರ್ ಮ್ಯಾಲೆ ಬ್ಯಾಂಡಿನ ಹೆಸರೂ ಇಲ್ಲ ಆಲ್ಬಂ ಹೆಸರೂ ಇಲ್ಲ, ಅದರ ಇಂಗ್ಲೆಂಡಿನ ಮೊದಲ ಪ್ಲೇಟಿನ್ಯಾಗ ಒಂದ ಬದಿಗೆ ಪೆಕೊ ಡಕ್, ಇನ್ನೊಂದ ಬದಿಗೆ ಪೋರ್ಕಿ ಅಂತ ಕೆರದಿರತೈತಿ, ಅದು ಪ್ಲೇಟ ಕಟ್ ಮಾಡಿದ ಎಂಜಿನಿಯರ್ ಜಾರ್ಜ್ ಪೆಕಮ್ ಅವ್ರ ಸಹಿ. ಪಿಂಕ್ ಫ್ಲಾಯ್ಡ್‌ನ 1973ರ ಡಾರ್ಕ್ ಸೈಡ್ ಆಫ್ ದ ಮೂನ್ ಇಂಗ್ಲೆಂಡಿನ ಮೊದಲ ಒತ್ತು ಅಂದ್ರ ಲೇಬಲ್ ಮ್ಯಾಲಿನ ತ್ರಿಕೋನ ಪೂರ್ತಿ ನೀಲಿ ತುಂಬಿರತೈತಿ, ಆಮ್ಯಾಲಿನವು ಬರೇ ಗೆರಿ. ಯಾರಾದ್ರೂ ಫಸ್ಟ್ ಪ್ರೆಸ್ ಅಂತ ಹೇಳಿ ರೊಕ್ಕಾ ಕೇಳಿದ್ರ ಇದನ್ನ ನೋಡಿ ಮಾತಾಡ್ರಿ. ಡಿಸ್ಕಾಗ್ಸ್ ಅನ್ನೋ ಡೇಟಾಬೇಸಿನ್ಯಾಗ ಮ್ಯಾಟ್ರಿಕ್ಸ್ ಹಾಕಿದ್ರ ಯಾವ ದೇಶದ್ದು ಯಾವ ವರ್ಷದ್ದು ಅಂತ ಸಿಗತೈತಿ.

ಈಗ ಮಷಿನ್

ಸೂಟ್‌ಕೇಸಿನಂಗ ಮುಚ್ಚೋ ಸಸ್ತಾ ಪ್ಲೇಯರ್ ನೋಡಾಕ ಚಂದ, ಆದ್ರ ಅವುಗಳ ಸೂಜಿ ಭಾರ ಹೆಚ್ಚಿನದ್ರಾಗ 5 ಗ್ರಾಂ ಸಮೀಪ ಇರತೈತಿ, ಚಲೋ ಕಾರ್ಟ್ರಿಜ್ (ಸೂಜಿ ಹಿಡಕೊಂಡಿರೋ ಭಾಗ) ಕೇಳೋದು ಒಂದೂವರೆ ಎರಡು ಗ್ರಾಂ ಮಾತ್ರ. ಕಷ್ಟಪಟ್ಟು ಹುಡುಕಿದ ಪ್ಲೇಟನ್ನ ಅದರ ಮ್ಯಾಲೆ ಓಡಸಬ್ಯಾಡ್ರಿ. ಅಜ್ಜನ ಕಾಲದ ಎಚ್‌ಎಂವಿ ಫಿಯೆಸ್ಟಾ ಪ್ಲೇಯರ್ ಮನ್ಯಾಗ ಇದ್ರ ಜ್ವಾಪಾನ ಮಾಡಿ ಇಡ್ರಿ, ಅದರ ಮ್ಯಾಲೆ ಮೊದಲ ಹಾಳಾಗಿದ್ದ ಪ್ಲೇಟ ಹಚ್ರಿ. ಕೌಂಟರ್‌ವೇಟ್ (ಸೂಜಿ ಭಾರ ಹೆಚ್ಚು ಕಡಿಮಿ ಮಾಡೋ ಹಿಂದಿನ ತೂಕ) ಇರೋ, ಸೂಜಿ ಬದಲಿ ಮಾಡಾಕ ಬರೋ ಟರ್ನ್‌ಟೇಬಲ್ ಬೇಕು. ಸಣ್ಣ ಡಿಜಿಟಲ್ ತಕ್ಕಡಿ ಸಿಗತೈತಿ, ಅದರ ಮ್ಯಾಲೆ ಸೂಜಿ ಇಟ್ಟು ಕಂಪನಿ ಹೇಳಿದ ಭಾರಕ್ಕ ಸರಿ ಹೊಂದಸ್ರಿ. ಕಡಿಮಿ ಭಾರ ಇಟ್ರ ಪ್ಲೇಟ ಸವಿಯಂಗಿಲ್ಲ ಅಂತ ಕೆಲವ್ರು ತಿಳಕೊಂಡಾರ, ಅದು ತಪ್ಪು. ಭಾರ ಕಡಿಮಿ ಆದ್ರ ಸೂಜಿ ಗ್ರೂವಿನ್ಯಾಗ ಕುಣದಾಡಿ ಗ್ವಾಡಿಗೆ ಬಡೀತೈತಿ, ಅದರಿಂದ ಹಾಳಾಗೋದು ಜಾಸ್ತಿ. ಸೂಜಿಗೂ ಆಯುಷ್ಯ ಐತಿ, ಸಾದಾ ಕೋನಿಕಲ್ (ದುಂಡ ತುದಿ) ಸೂಜಿ ಸುಮಾರು 500 ತಾಸು, ಎಲಿಪ್ಟಿಕಲ್ (ಅಂಡಾಕಾರದ ತುದಿ) ಸುಮಾರು 300 ತಾಸು ಅಂತ ಆಡಿಯೊ ಟೆಕ್ನಿಕಾದಂಥ ಕಂಪನಿಯೋರು ಹೇಳತಾರ.

ಅಮೆರಿಕಾದಾಗ ಇರೋ ಮಗ, ಅಳಿಯ ಹಳೇ ಟರ್ನ್‌ಟೇಬಲ್ ತಂದ ಕೊಡತೀನಿ ಅಂದ್ರ ಒಂದ ಮಾತು ಕೇಳ್ರಿ, ಮೋಟರ್ ಯಾವ್ದು ಅಂತ. ಅಲ್ಲಿ ಕರೆಂಟು 120 ವೋಲ್ಟ್ 60 ಹರ್ಟ್ಸ್, ಇಲ್ಲಿ 230 ವೋಲ್ಟ್ 50 ಹರ್ಟ್ಸ್. ವೋಲ್ಟೇಜ್ ಟ್ರಾನ್ಸ್‌ಫಾರ್ಮರ್ ಹಾಕಿ ಇಳಸಬಹುದು, ಆದ್ರ ಎಸಿ ಸಿಂಕ್ರೋನಸ್ ಮೋಟರ್ ಇದ್ರ ವೇಗ ಕರೆಂಟಿನ ಹರ್ಟ್ಸ್ ಮ್ಯಾಲೆ ನಿಂತಿರತೈತಿ, ನಿಮಿಷಕ್ಕ 33 ಸುತ್ತು ಹೋಗಿ 28ರ ಹತ್ರ ಬರತೈತಿ, ಹಾಡೆಲ್ಲಾ ಎಳದಂಗ ಕೇಳಸ್ತಾವ. ಡಿಸಿ ಮೋಟರ್ ಇದ್ರ ವೇಗದ್ದು ತೊಂದ್ರಿಲ್ಲ.

ಇನ್ನೊಂದು ಫೋನೊ ಪ್ರಿಆಂಪ್. ಪ್ಲೇಟ ಕಟ್ ಮಾಡೋವಾಗ ಬೇಸ್ ಕಡಿಮಿ ಮಾಡಿ ಟ್ರೆಬಲ್ ಏರಿಸಿರತಾರ, ಇಲ್ಲಂದ್ರ ದಪ್ಪ ದನಿಗೆ ಗ್ರೂವು ಅಗಲಾಗಿ ಒಂದ ಬದಿಗೆ 20 ನಿಮಿಷ ಹಿಡಸಂಗಿಲ್ಲ. ಅದನ್ನ ತಿರಗಿ ಸರಿ ಮಾಡೋದು ಪ್ರಿಆಂಪ್. ಅದಿಲ್ದ ನೇರ ಸ್ಪೀಕರಿಗೆ ಹಚ್ಚಿದ್ರ ದನಿ ಸಣ್ಣ, ತಗಡ ಬಡದಂಗ ಬರತೈತಿ. ಕೆಲವ ಟರ್ನ್‌ಟೇಬಲಿನ್ಯಾಗ ಒಳಗ ಇರತೈತಿ, ಹಳೇ ಆಂಪ್ಲಿಫೈಯರಿನ ಹಿಂದ ಫೋನೊ ಅಂತ ಬರದ ಸಾಕೆಟ್ ಇದ್ರ ಅದಕ್ಕ ಹಚ್ರಿ. ಗುಂಯ್ ಅಂತ ಸಪ್ಪಳ ಬಂದ್ರ ಗ್ರೌಂಡ್ ವಾಯರ್ ಮೊದಲ ನೋಡ್ರಿ.

ತೊಳಿಯೋದು, ಇಡೋದು

ನಮ್ಮದು ಎರಿ ಮಣ್ಣಿನ ಸೀಮಿ, ಗಾಳಿ ಬಿಟ್ರ ಸಾಕು ಹಿಟ್ಟಿನಂಥ ಧೂಳು ಮನಿ ಮೂಲಿಗೂ ಬರತೈತಿ. ಹಚ್ಚೋಕಿಂತ ಮುಂಚೆ ಪ್ರತಿ ಸಲ ಕಾರ್ಬನ್ ಫೈಬರ್ ಬ್ರಷ್ ಆಡಸ್ರಿ. ಹಳೇ ಪ್ಲೇಟ ಹೊಸದಾಗಿ ಮನಿಗೆ ಬಂತಂದ್ರ ತೊಳದ ಹಚ್ಚಬೇಕು. ಬೋರಿನ ನೀರು ಬ್ಯಾಡ, ಒಣಗಿದ ಮ್ಯಾಲೆ ಬೆಳ್ಳಗ ಉಪ್ಪು ಗ್ರೂವಿನ್ಯಾಗ ಉಳಿತೈತಿ. ಡಿಸ್ಟಿಲ್ಡ್ ವಾಟರ್ ತೊಗೋರಿ. ಒಂದ ಲೀಟರ್ ಆಗೋವಷ್ಟು ಮಾಡೋದಿದ್ರ 800 ಎಂಎಲ್ ನೀರಿಗೆ 200 ಎಂಎಲ್ ಐಸೊಪ್ರೊಪೈಲ್ ಆಲ್ಕೊಹಾಲ್, ಬಣ್ಣ ವಾಸನಿ ಇಲ್ಲದ ಲಿಕ್ವಿಡ್ ಸೋಪು ಒಂದೆರಡ ಹನಿ. ಲೇಬಲ್ಲಿಗೆ ನೀರು ತಾಗದಂಗ, ಮೆತ್ತನ್ನ ಮೈಕ್ರೊಫೈಬರ್ ಅರಬಿಲೆ ಗ್ರೂವು ಹೋದಂಗ ಸುತ್ತಲೂ ಒರಸ್ರಿ, ಅಡ್ಡ ತಿಕ್ಕಬ್ಯಾಡ್ರಿ. ಆಮ್ಯಾಲೆ ಬರೇ ಡಿಸ್ಟಿಲ್ಡ್ ನೀರಿಲೆ ಇನ್ನೊಮ್ಮೆ ಒರಸಿ, ನೆರಳಿನ್ಯಾಗ ನಿಲ್ಲಿಸಿ ಪೂರ್ತಿ ಒಣಗಸ್ರಿ. ಫ್ಯಾನಿನ ಗಾಳಿಗೆ ಇಟ್ರ ತಿರಗಿ ಧೂಳ ಕೂಡತೈತಿ.

ಇಡೋದು ಯಾವಾಗ್ಲೂ ನಿಲ್ಲಿಸಿ. ಒಂದರ ಮ್ಯಾಲೊಂದು ಮಲಗಿಸಿದ್ರ ಕೆಳಗಿನವು ಸೊಟ್ಟ ಆಗತಾವ, ಕವರಿಗೆ ಉಂಗುರದ ಗುರ್ತು ಬೀಳತೈತಿ. 100 ಎಲ್ಪಿ ಕವರ್ ಸೇರಿ 25 ಕೆಜಿ ಹತ್ರ ಆಗತೈತಿ, ತೆಳು ಪ್ಲೈವುಡ್ ಬಾಗಿ ಹೋಗತೈತಿ, ಬಡಿಗ್ಯಾರಿಗೆ ಮೊದಲ ತೂಕ ಹೇಳ್ರಿ. ಧಾರವಾಡದ ಮಳಿಗಾಲ ನಿಮಗ ಗೊತ್ತ ಐತಿ, ಹೊರಗಿನ ಗ್ವಾಡಿಗೆ ಹಚ್ಚಿ ಕಪಾಟ ಇಡಬ್ಯಾಡ್ರಿ, ಥಂಡಿ ಹೀರಿ ಕವರಿಗೆ ಬೂಸ್ಟು ಬರತೈತಿ, ಒರಲಿನೂ ಅಲ್ಲಿಂದನ ಏರೋದು. ಡಾಂಬರ ಗುಳಿಗಿ ಹಾಕಬ್ಯಾಡ್ರಿ, ಆ ವಾಸನಿ ರಟ್ಟಿಗೆ ಹತ್ತಿದ್ರ ಬಿಡಂಗಿಲ್ಲ, ಸಿಲಿಕಾ ಜೆಲ್ ಇಡ್ರಿ. ಹೊರಗಿನ ಕವರಿಗೆ ಗಟ್ಟಿ ಪಿವಿಸಿ ಚೀಲ ಬ್ಯಾಡ, ವರ್ಷಗಟ್ಟಲೆ ಇಟ್ರ ಪ್ಲೇಟಿನ ಮ್ಯಾಲೆ ಮಂಜು ಹಿಡದಂಗ ಕಲಿ ಬೀಳತೈತಿ, ಪಾಲಿಪ್ರೊಪಿಲೀನ್ ತೊಗೋರಿ.

ಯಾವ್ಯಾವು ಮೊದಲ

ಬದಿ ಬದಿಯಾಗಿ ಕೇಳೋ ಆಲ್ಬಂ ತೊಗೋರಿ, ಹಿಟ್ ಹಾಡಿನ ಸಂಗ್ರಹ ಬ್ಯಾಡ. ಡಾರ್ಕ್ ಸೈಡ್ ನನ್ನ ಪ್ರಕಾರ ಎಲ್ರಿಗಿಂತ ಮೊದಲ. ಒಂದನೇ ಬದಿ ಮುಗಿಯೋದು ಮಾತಿಲ್ದ ಬರೇ ಗಾಯಕಿ ಕ್ಲೇರ್ ಟೋರಿ ಅವ್ರ ದನಿ ಮ್ಯಾಲೆ, ಅದು ತಣ್ಣಗಾದ ಮ್ಯಾಲೆ ನೀವ ಎದ್ದು ಹೋಗಿ ಪ್ಲೇಟ ಹೊಳ್ಳಿಸಬೇಕು, ಹೊಳ್ಳಿಸಿ ಸೂಜಿ ಇಟ್ರ ಗಲ್ಲಾಪೆಟ್ಟಿಗಿ ಸಪ್ಪಳಲೆ ಎರಡನೇ ಬದಿ ಶುರು. ನಡುವಿನ ಆ ಬಿಡುವು ಫೋನಿನ್ಯಾಗ ಸಿಗಂಗಿಲ್ಲ. ಆ ಎರಡನೇ ಬದಿ ಮೊದಲ ಹಾಡು ಏಳು ಮಾತ್ರಿ ಲೆಕ್ಕದಾಗ ಐತಿ, ರೂಪಕ ತಾಳದ ಕೈ ಇರೋ ನಮ್ಮ ಧಾರವಾಡದ ಮಂದಿ ಕುಂತಲ್ಲೇ ತಾಳ ಹಿಡೀತಾರ, ಗಿಟಾರ್ ಸೋಲೊ ಬಂದಾಗ ನಾಲ್ಕಕ್ಕ ಹೊಳ್ಳತೈತಿ, ಅಲ್ಲಿ ಕೈ ತಪ್ಪತೈತಿ, ಅದನ್ನ ಕಾಯಕೊಂತ ಕೇಳೋದು ಒಂದು ಮಜಾ. ಆಮ್ಯಾಲೆ ಬೀಟಲ್ಸ್‌ನ 1969ರ ಆಬಿ ರೋಡ್, ಅದರ ಎರಡನೇ ಬದಿ ತುಂಡ ಹಾಡು ಒಂದಕ್ಕೊಂದು ಹೆಣದು ಮಾಡಿದ್ದು. ಗಿಟಾರ್ ಜೋರ ಬೇಕಂದ್ರ ಡೀಪ್ ಪರ್ಪಲ್‌ನ 1972ರ ಮಷೀನ್ ಹೆಡ್. ಮತ್ತ ಮನ್ಯಾಗ ಹಿರಿಯರು ಇದೇನು ಗದ್ದಲಪ್ಪಾ ಅಂದ್ರ 1971ರ ಆಗಸ್ಟ್ 1ಕ್ಕ ನ್ಯೂಯಾರ್ಕಿನ್ಯಾಗ ಬಾಂಗ್ಲಾದೇಶಕ್ಕಂತ ಮಾಡಿದ ಕಛೇರಿಯ ಮೂರ ಪ್ಲೇಟಿನ ಸೆಟ್ ಹುಡುಕ್ರಿ, ಮೊದಲ ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾರಖಾ ಬಾರಿಸ್ಯಾರ, ಆಮ್ಯಾಲೆ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಮತ್ತ ಅವ್ರ ಗೆಳ್ಯಾರು. ಒಂದ ಕೂಟದಾಗ ಎರಡೂ ಕಡಿಯೋರು ಕುಂತ ಕೇಳಬಹುದು.

78ರ ಗುಡ್ಡೆ ಸಿಕ್ರ

ಅಟ್ಟದ ಮ್ಯಾಲೆ ದಪ್ಪಂದು, ಭಾರದ್ದು, ಒಂದ ಬದಿಗೆ ಒಂದ ಹಾಡಿನ ಪ್ಲೇಟ ಸಿಕ್ರ ಅವು 78, ಅಂದ್ರ ನಿಮಿಷಕ್ಕ 78 ಸುತ್ತು ತಿರಗೋವು. ಅವು ವಿನೈಲ್ ಅಲ್ಲ, ಅರಗಿಂದ ಮಾಡಿದ ಶೆಲ್ಲಾಕ್. ಮ್ಯಾಲೆ ಹೇಳಿದ ಆಲ್ಕೊಹಾಲ್ ನೀರು ಇವಕ್ಕ ಹಚ್ಚಲೇಬ್ಯಾಡ್ರಿ, ಶೆಲ್ಲಾಕ್ ಕರಗಿ ಹಾಡು ಹೋಗತೈತಿ. ಬರೇ ಡಿಸ್ಟಿಲ್ಡ್ ನೀರು, ಒಂದ ಹನಿ ಸೋಪು, ಲಗೂನ ಒಣಗಸೋದು. ಎಲ್ಪಿ ಸೂಜಿಲೆ ಹಚ್ಚಬ್ಯಾಡ್ರಿ, 78ರ ಗ್ರೂವು ಅಗಲ, ಅದರ ಸೂಜಿನ ಬ್ಯಾರೆ. ಹಳೇ ಚಾವಿ ಗ್ರಾಮಫೋನಿನ್ಯಾಗಾದ್ರ ಉಕ್ಕಿನ ಸೂಜಿ ಒಂದ ಬದಿ ಮುಗದಂಗ ಬದಲಿ ಮಾಡಬೇಕು.

ಈ ಗುಡ್ಡೆ ನೋಡೋವಾಗ ಅವಸರ ಮಾಡದ ಒಂದೊಂದ ಲೇಬಲ್ ಓದ್ರಿ. ಬ್ಯಾರೆ ಕಡೆ 78 ನಿಂತು ಹೋಗಿ ವರ್ಷಗಟ್ಟಲೆ ಆದ್ರೂ ಇಂಡಿಯಾದಾಗ 1960ರ ದಶಕದ ನಡುವಿನ ತನಕ ಬೀಟಲ್ಸ್ ಹಾಡು 78ರಾಗ ಒತ್ತಿ ಮಾರಿದ್ರು, ಪಾರ್ಲೊಫೋನ್ ಲೇಬಲ್ ಮ್ಯಾಲೆ. ಜಗತ್ತಿನ ಕಲೆಕ್ಟರ್ ಎಲ್ಲಾ ಇವನ್ನ ಹುಡುಕತಾರ. ಅದ ಗುಡ್ಡೆಯಾಗ ಗಾಂಧಾರಿ ಹುಬ್ಳಿ ಅಂತ ಹೆಸರಿರೋ ಎಚ್‌ಎಂವಿ ಪ್ಲೇಟ ಕಂಡ್ರ ಬಾಜೂ ಸರಸಬ್ಯಾಡ್ರಿ, ಅದು ನಮ್ಮ ಗಂಗೂಬಾಯಿ ಹಾನಗಲ್ ಅವ್ರು, 1930ರ ದಶಕದಾಗ ಅವ್ರ ಪ್ಲೇಟು ಆ ಹೆಸರಿನ್ಯಾಗ ಬರತಿದ್ವು. ಎರಡನ್ನೂ ಬ್ಯಾರೆ ಬ್ಯಾರೆ ಕಾಗದದ ಕವರಿನ್ಯಾಗ ಹಾಕಿ, ನಡುವ ರಟ್ಟು ಕೊಟ್ಟು, ನಿಲ್ಲಿಸಿ ಮನಿಗೆ ತರ್ರಿ. ಒಂಚೂರು ಬಾಗಿದ್ರ ವಿನೈಲ್ ತಡಕೊಂತೈತಿ, ಶೆಲ್ಲಾಕ್ ಚಟ್ ಅಂತ ಮುರದ ಹೋಗತೈತಿ.